ನೀರಿನಲ್ಲಿ ಬೆಳೆಯುವ ನೊರಜಿನ ಮರಿಹುಳುಗಳನ್ನು ಗುರುತಿಸುವ ಕ್ರಮ

ಗ್ರಾಮದ ಯಜಮಾನರೇ, ಹಿಡುವಳಿದಾರರೇ,

ಕೆರೆಯ ಅಂಚಿನಲ್ಲಾಗಲಿ ದನಗಳು ಕುಡಿಯುವ ತೊಟ್ಟಿಯಲ್ಲಾಗಲಿ ಕೆಂಪು ಹುಳುಗಳು ಕಂಡೊಡನೆ, ನೀರು ವಿಷವಾಯಿತೆಂದು ಹೆದರಿ ಸೀಮೆಎಣ್ಣೆ ಸುರಿಯುವವರುಂಟು. ಅದೇ ವೇಳೆಯಲ್ಲಿ ಹಿತ್ತಲಿನ ಗುಂಡಿಯಲ್ಲಿ ಸೊಳ್ಳೆಯ ಮರಿಗಳು ನಿಶ್ಚಿಂತೆಯಾಗಿ ಬೆಳೆಯುತ್ತಿರುತ್ತವೆ. ನಿರಪರಾಧಿಗೆ ದಂಡನೆ, ಅಪರಾಧಿಗೆ ಅಭಯ ಎಂಬಂತೆ ಆಗಬಾರದು. ಆದಕಾರಣ ಇವುಗಳ ಅಂಗಲಕ್ಷಣಗಳನ್ನು ನಾವು ಅರಿತಿರತಕ್ಕದ್ದು.

ಪರೀಕ್ಷೆಯ ಕ್ರಮವು ಸುಲಭವಾದುದು. ಮೇಲಿನ ನೀರನ್ನು ಒಂದು ಬಿಳಿಯ ತಟ್ಟೆಗೂ, ತಳದ ಕೆಸರನ್ನು ಸ್ವಲ್ಪ ನೀರಿನೊಡನೆ ಇನ್ನೊಂದು ತಟ್ಟೆಗೂ ಹಾಕಿ, ತಿಳಿಯಾದ ಮೇಲೆ ಭೂತಗನ್ನಡಿಯಿಂದ ನೋಡಿರಿ.

ಮೊದಲನೆಯದು, ಕಚ್ಚದ ನೊರಜಿನ ಮರಿ. ದೇಹವು ನೀಳವಾಗಿ, ಒಂದೇ ಸಮನಾದ ದಪ್ಪವುಳ್ಳದ್ದಾಗಿರುತ್ತದೆ. ತಲೆಯು ಗಟ್ಟಿಯಾಗಿ ಸ್ಪಷ್ಟವಾಗಿ ಕಾಣುತ್ತದೆ. ತಲೆಯ ಹಿಂದೆ ಒಂದು ಜೊತೆ, ಬಾಲದ ತುದಿಯಲ್ಲಿ ಒಂದು ಜೊತೆ ಗೆಣ್ಣಿಲ್ಲದ ಮೋಟುಕಾಲುಗಳಿರುತ್ತವೆ. ಇವುಗಳಲ್ಲಿ ಕೆಲವು ಜಾತಿಗಳ ಮರಿಗಳು ಮಾತ್ರ ಕೆಂಪಾಗಿರುತ್ತವೆ. ನಮ್ಮ ರಕ್ತದಲ್ಲಿರುವಂತೆ ಅವುಗಳ ರಕ್ತದಲ್ಲಿಯೂ ಹಿಮೋಗ್ಲೋಬಿನ್ ಇರುವುದೇ ಇದಕ್ಕೆ ಕಾರಣ. ತಲೆಯೂ ಕಾಲೂ ಕಾಣದ ಕೆಂಪು ಹುಳುವಾದರೆ, ಅದು ನೊರಜಿನ ಮರಿಯಲ್ಲ, ಎರೆಹುಳುವಿನ ಬಂಧು.

ಎರಡನೆಯದು, ಸೊಳ್ಳೆಯ ಮರಿ. ಇದಕ್ಕೆ ಕಾಲುಗಳೇ ಇಲ್ಲ. ಎದೆಯ ಭಾಗವು ತಲೆಗಿಂತಲೂ ಹೊಟ್ಟೆಗಿಂತಲೂ ಅಗಲವಾಗಿರುತ್ತದೆ. ಕ್ಯೂಲೆಕ್ಸ್ ಜಾತಿಯ ಮರಿಯು ಬಾಲದ ಉಸಿರುಕೊಳವೆಯನ್ನು ಮೇಲಕ್ಕೆ ಚಾಚಿ ತಲೆಕೆಳಗಾಗಿ ಜೋತಿರುತ್ತದೆ. ಅನಾಫಿಲಿಸ್ ಮರಿಗೆ ಆ ಕೊಳವೆಯಿಲ್ಲ. ಅದು ನೀರಿನ ಮೇಲ್ಮೈಗೆ ಸಮನಾಗಿ ಮಲಗಿರುತ್ತದೆ. ಮಲೇರಿಯಾದ ಬೀಜವು ಈ ಜಾತಿಯ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ರೊನಾಲ್ಡ್ ರಾಸ್ ಅವರು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದರು.

ಮೂರನೆಯದು, ಕಚ್ಚುವ ಸಣ್ಣ ನೊರಜಾದ ಕ್ಯುಲಿಕಾಯ್ಡಿಸಿನ ಮರಿ. ಇದು ಬಿಳಿಚಾಗಿ ಸೂಜಿಯಂತೆ ಸಪುರವಾಗಿ, ಮೋಟುಕಾಲುಗಳಿಲ್ಲದೆ, ಹಾವಿನಂತೆ ಬಳುಕಿ ಈಜುತ್ತದೆ. ಸಗಣಿ ಬೆರೆತ ಕೆಸರು ಇದಕ್ಕೆ ಪ್ರಿಯವಾದ ನೆಲೆ. ಇದರಿಂದ ಹುಟ್ಟುವ ನೊರಜುಗಳು ಕುರಿಗಳಿಗೆ ನೀಲಿ ನಾಲಿಗೆ ರೋಗವನ್ನು ಹರಡುತ್ತವೆ.

ಈಗ ಮಾಡತಕ್ಕುದೇನು? ಮೊದಲನೆಯ ಮರಿಯನ್ನು ಅದರ ಪಾಡಿಗೆ ಬಿಡಿರಿ. ಅದು ಕೊಳೆತ ಕಸವನ್ನು ತಿಂದು, ತಾನು ಮೀನಿಗೆ ಆಹಾರವಾಗುತ್ತದೆ. ಕರಗಿದ ಗಾಳಿಯನ್ನು ಚರ್ಮದಿಂದಲೇ ಹೀರುವುದರಿಂದ, ಮೇಲೆ ತೇಲುವ ಎಣ್ಣೆಯಿಂದ ಅದು ಉಸಿರುಕಟ್ಟದು. ಕೆಡುವುದು ನಿಮ್ಮ ನೀರು ಮಾತ್ರ. ಆದರೆ ಕೆಂಪು ಮರಿಗಳು ವಿಪರೀತವಾಗಿ ಹೆಚ್ಚಿ, ಬೇರೆ ಜಲಜೀವಿಗಳು ಕಾಣದೆ ಹೋದರೆ, ಕೆರೆಗೆ ಊರಿನ ಕೊಚ್ಚೆ ಸೇರುತ್ತಿದೆಯೇ ಎಂದು ವಿಚಾರಿಸತಕ್ಕದ್ದು. ಎರಡನೆಯ ಮರಿ ಕಂಡರೆ ಗುಂಡಿಯನ್ನು ಮುಚ್ಚಿಸಿ, ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದುಮಾಡಿ ಉಜ್ಜಿ ಒಣಗಿಸಿರಿ. ಮೂರನೆಯದು ಕಂಡರೆ ಕೊಟ್ಟಿಗೆಯ ಕೊಚ್ಚೆಯನ್ನು ಬಸಿದು ಹೋಗುವಂತೆ ಮಾಡಿ, ಕುರಿಹಟ್ಟಿಯನ್ನು ಒಣನೆಲಕ್ಕೆ ಸಾಗಿಸಿ, ಪಶುವೈದ್ಯರಿಂದ ಲಸಿಕೆ ಹಾಕಿಸಿರಿ.

ಒಂದು ಬಿಳಿಯ ತಟ್ಟೆ, ಸ್ವಲ್ಪ ತಾಳ್ಮೆ, ಇಷ್ಟಿದ್ದರೆ ಸಾಕು. ಮೊದಲು ಗುರುತಿಸಿರಿ, ಅನಂತರ ಕೈಯೆತ್ತಿರಿ.