ಶಾಲೆ ಕಾಪಾಡಿದ ಇಗರ್ಜಿ

ಡೆನ್ಮಾರ್ಕಿನ ಜೀಲೆಂಡ್ ದ್ವೀಪದಲ್ಲಿ, ರಾಜಧಾನಿ ಕೋಪನ್‌ಹೇಗನ್ನಿನ ನೈಋತ್ಯಕ್ಕೆ, ಸೋರೊ ಎಂಬ ಸಣ್ಣ ಊರಿದೆ. ಅಲ್ಲಿನ ಸರೋವರದ ದಂಡೆಯಲ್ಲಿ ಎಂಟುನೂರು ವರ್ಷ ದಾಟಿದ ಒಂದು ಇಗರ್ಜಿ, ಅದರ ಮಗ್ಗುಲಲ್ಲೇ ಒಂದು ಶಾಲೆ. ಇಗರ್ಜಿಯನ್ನು ಕಟ್ಟಿದವರು ಸನ್ಯಾಸಿಗಳು. ಅದನ್ನು ಉಳಿಸಿಕೊಂಡು ಬಂದದ್ದು ಶಾಲೆ.

1140ರ ಸುಮಾರಿಗೆ ಆಸ್ಸರ್ ರಿಗ್ ಎಂಬ ದೊಡ್ಡ ಜಮೀನುದಾರ ಇಲ್ಲಿ ಬೆನೆಡಿಕ್ಟೈನ್ ಮಠವೊಂದನ್ನು ಸ್ಥಾಪಿಸಿದ. ಅವನ ಮಗನೇ ಅಬ್ಸಲೋನ್. ರಾಸ್ಕಿಲ್ಡೆಯ ಬಿಷಪ್, ರಾಜನ ಆಪ್ತ ಸಲಹೆಗಾರ, ಕತ್ತಿ ಹಿಡಿಯಬಲ್ಲ ಯೋಧ. ಕೋಪನ್‌ಹೇಗನ್ನಿನಲ್ಲಿ ಮೊದಲ ಕೋಟೆ ಕಟ್ಟಿದವನೂ ಅವನೇ. 1161ರಲ್ಲಿ ಅವನು ತಂದೆಯ ಮಠವನ್ನು ಎಸ್ರುಮ್ ಮಠದಿಂದ ಬಂದ ಸಿಸ್ಟರ್ಸಿಯನ್ ಸನ್ಯಾಸಿಗಳಿಗೆ ಒಪ್ಪಿಸಿದ. ಆಮೇಲೆ ಎದ್ದದ್ದು ಈಗಿನ ಇಗರ್ಜಿ.

ಕಟ್ಟುವುದಾದರೂ ಯಾವುದರಿಂದ? ಜೀಲೆಂಡಿನಲ್ಲಿ ಕಡಿದು ಜೋಡಿಸಬಹುದಾದ ಒಳ್ಳೆಯ ಕಲ್ಲು ವಿರಳ. ಹಿಮಯುಗ ಬಿಟ್ಟುಹೋದ ಗಟ್ಟಿ ಗುಂಡುಗಲ್ಲುಗಳೇ ಹೆಚ್ಚು. ಆದರೆ ಜೇಡಿಮಣ್ಣಿಗೆ ಬರವಿರಲಿಲ್ಲ. ಇಟ್ಟಿಗೆ ಸುಡುವ ವಿದ್ಯೆ ಆಗಷ್ಟೇ ದಕ್ಷಿಣದಿಂದ ಆ ನಾಡಿಗೆ ಬಂದಿತ್ತು. ಹೀಗೆ ಸೋರೊ ಇಗರ್ಜಿ ಡೆನ್ಮಾರ್ಕಿನ ಮೊದಮೊದಲ ಇಟ್ಟಿಗೆ ಕಟ್ಟಡಗಳಲ್ಲಿ ಒಂದಾಯಿತು. ಅದರ ನಕ್ಷೆ ಶಿಲುಬೆಯ ಆಕಾರದ್ದು. ಉದ್ದ ಸುಮಾರು 70 ಮೀಟರ್. ಇಷ್ಟು ದೊಡ್ಡದಾದರೂ ಅದಕ್ಕೆ ಎತ್ತರದ ಗಂಟೆಗೋಪುರವಿಲ್ಲ. ಗೋಪುರ, ಬಣ್ಣದ ಗಾಜು, ಅಲಂಕಾರದ ಕೆತ್ತನೆಗಳನ್ನು ಆ ಪಂಥ ಆಡಂಬರವೆಂದು ದೂರವಿಟ್ಟಿತ್ತು. 1247ರಲ್ಲಿ ಬೆಂಕಿ ಬಿದ್ದ ಮೇಲೆ ಮರದ ಒಳಮಾಳಿಗೆಯ ಬದಲು ಇಟ್ಟಿಗೆಯ ಕಮಾನು ಚಾವಣಿ ಬಂತು.

ಸರಳತೆಯ ವ್ರತ ಸನ್ಯಾಸಿಗಳದು; ದಾನಿಗಳ ಆಸೆಯೇ ಬೇರೆ. ಅಬ್ಸಲೋನನ ಮನೆತನಕ್ಕೆ ಇದು ಸಮಾಧಿ ಸ್ಥಳವೂ ಆಗಬೇಕಿತ್ತು. 1201ರಲ್ಲಿ ತೀರಿಕೊಂಡ ಅಬ್ಸಲೋನನನ್ನು ಪ್ರಧಾನ ಪೀಠದ ಹಿಂದೆ ಹೂಳಿದರು. ಮುಂದೆ ಎರಡನೆಯ ಕ್ರಿಸ್ಟೋಫರ್, ವಾಲ್ಡೆಮಾರ್ ಆಟರ್‌ಡಾಗ್ ಮೊದಲಾದ ರಾಜರಿಗೂ ಇಲ್ಲೇ ಜಾಗವಾಯಿತು. ಬಡತನದ ಪ್ರತಿಜ್ಞೆ ತೊಟ್ಟವರ ಪ್ರಾರ್ಥನಾಲಯದ ಗೋಡೆಗಳ ಮೇಲೆ ಶ್ರೀಮಂತ ಮನೆತನಗಳ ಲಾಂಛನಗಳು ಸಾಲುಗಟ್ಟಿದವು.

1536ರಲ್ಲಿ ಡೆನ್ಮಾರ್ಕ್ ಲೂಥರನ ಮತಸುಧಾರಣೆಯನ್ನು ಒಪ್ಪಿಕೊಂಡಿತು. ಮಠಗಳ ಆಸ್ತಿ ರಾಜನ ಪಾಲಾಯಿತು. ಸನ್ಯಾಸಿಗಳಿಲ್ಲದ ಮಠ ಯಾರಿಗೆ ಬೇಕು? ಸೋರೊಗೆ ತಾಯಿಯಂತಿದ್ದ ಎಸ್ರುಮ್ ಮಠದ ಇಗರ್ಜಿಯನ್ನು ಕೆಡವಿ, ಅದರ ಸಾಮಗ್ರಿಯನ್ನು ಬೇರೆ ಕಟ್ಟಡಗಳಿಗೆ ಸಾಗಿಸಿದರು. ಮಗಳಿಗೆ ಮಾತ್ರ ಆ ಗತಿ ಬರಲಿಲ್ಲ. 1586ರಲ್ಲಿ ಎರಡನೆಯ ಫ್ರೆಡರಿಕ್ ಸೋರೊದಲ್ಲಿ ಶಾಲೆ ತೆರೆದ. ಹುಡುಗರ ಕಲಿಕೆಗೆ ಮಠವೇ ಮನೆಯಾಯಿತು, ಪ್ರಾರ್ಥನೆಗೆ ಇಗರ್ಜಿ ಬೇಕಾಯಿತು.

ಅವನ ಮಗ ನಾಲ್ಕನೆಯ ಕ್ರಿಶ್ಚಿಯನ್ 1623ರಲ್ಲಿ ಇಲ್ಲಿಯೇ ಶ್ರೀಮಂತ ತರುಣರಿಗಾಗಿ ಅಕಾಡೆಮಿಯೊಂದನ್ನು ಸ್ಥಾಪಿಸಿದ. 1620ರಲ್ಲಿ ನಮ್ಮ ಕೋರಮಂಡಲ ತೀರದ ತರಂಗಂಬಾಡಿಯಲ್ಲಿ ಡೇನರು ನೆಲೆಯೂರಿದ್ದು ಇದೇ ರಾಜನ ಕಾಲದಲ್ಲಿ. ಯುದ್ಧಗಳಿಂದ ಬೊಕ್ಕಸ ಬರಿದಾಗಿ 1665ರಲ್ಲಿ ಅಕಾಡೆಮಿ ಮುಚ್ಚಿತು. 1747ರಲ್ಲಿ ಅದು ಮತ್ತೆ ಬಾಗಿಲು ತೆರೆಯಿತು. ಅದಕ್ಕೆ ಆಸರೆಯಾಗಿ ನಿಂತವನು ನಾಟಕಕಾರ ಲುಡ್ವಿಗ್ ಹೊಲ್ಬರ್ಗ್. ಒಣ ಪಾಂಡಿತ್ಯವನ್ನು ರಂಗದ ಮೇಲೆ ಗೇಲಿ ಮಾಡಿ ನಗಿಸಿದ ಈತ, ತನ್ನ ಜಮೀನನ್ನೆಲ್ಲ ವಿದ್ಯೆಗೇ ಬರೆದುಕೊಟ್ಟ!

1813ರಲ್ಲಿ ಅಕಾಡೆಮಿಯ ಮುಖ್ಯ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಇಗರ್ಜಿ ಉಳಿಯಿತು, ಶಾಲೆಗೆ ಹೊಸ ಕಟ್ಟಡ ಎದ್ದಿತು. ಇಂದಿಗೂ ಅಲ್ಲಿ ಪಾಠಗಳು ನಡೆಯುತ್ತವೆ, ವಿದ್ಯಾರ್ಥಿನಿಲಯವೂ ಇದೆ. 1754ರಲ್ಲಿ ತೀರಿಕೊಂಡ ಹೊಲ್ಬರ್ಗ್ ಅಬ್ಸಲೋನನಿರುವ ಇಗರ್ಜಿಯಲ್ಲೇ ಮಲಗಿದ್ದಾನೆ. ಒಬ್ಬ ತನ್ನ ಮನೆತನದ ನೆನಪಿಗಾಗಿ ಕಟ್ಟಿಸಿದ. ಇನ್ನೊಬ್ಬ ಯಾರದೋ ಮಕ್ಕಳ ಓದಿಗಾಗಿ ಕೊಟ್ಟ. ಕಟ್ಟಡವೊಂದು ಬಾಳಬೇಕಾದರೆ ಇಟ್ಟಿಗೆ ಗಟ್ಟಿಯಿದ್ದರೆ ಸಾಲದು, ಅದರಿಂದ ಪ್ರತಿ ತಲೆಮಾರಿಗೂ ಕೆಲಸವಿರಬೇಕು. ಸೋರೊ ಹೇಳುವುದು ಇದನ್ನೇ.