ಸೋರುವ ಟಾಂಕಿ, ನೀರು ಕುಡಿದ ದೋಣಿ

(ಸಂಘದ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಹೋಟೆಲಿನಲ್ಲಿ ದುಡಿಯುವವರು, ಗಿರಣಿಯಲ್ಲಿ ದುಡಿದು ಹಣ್ಣಾದವರು ಕೂಡಿದ ಸಭೆಯಲ್ಲಿ ದೋಣಿ ರಿಪೇರಿಯ ಮಾತು ಏಕೆ ಎಂದು ತಾವು ಕೇಳಬಹುದು. ಕಾರಣವಿದೆ. ನಮ್ಮಲ್ಲಿ ಬಹಳ ಮಂದಿ ಕರಾವಳಿಯವರು. ಮಲ್ಪೆಯಿಂದಲೋ ಗಂಗೊಳ್ಳಿಯಿಂದಲೋ ತಮ್ಮನ ಮಾತು ಬರುತ್ತದೆ: "ಅಣ್ಣಾ, ಹಳೆಯ ಬೋಟೊಂದು ಅಗ್ಗಕ್ಕೆ ಸಿಕ್ಕಿದೆ, ಸ್ವಲ್ಪ ಹಣ ಕಳುಹಿಸು." ಕಪ್ಪುಬಸಿ ತೊಳೆದು ಕೂಡಿಟ್ಟ ಹಣ ಆ ಬೋಟಿಗೆ ಹೋಗುತ್ತದೆ. ಇನ್ನು ಕೆಲವರ ಮಕ್ಕಳು ಇಲ್ಲಿಯ ಸಸೂನ್ ಡಾಕಿನಿಂದಲೇ ಖಲಾಸಿಗಳಾಗಿ ಕಡಲಿಗೆ ಹೋಗುತ್ತಾರೆ. 1875ರಲ್ಲಿ ತೆರೆದ ಆ ಡಾಕು ಮೊದಲು ಹತ್ತಿಯ ವ್ಯಾಪಾರ ಕಂಡಿತು. ಈಗ ಮೀನಿನ ವ್ಯಾಪಾರ ಕಾಣುತ್ತಿದೆ. ಹಣವೂ ನಮ್ಮದು, ಜೀವವೂ ನಮ್ಮದು. ಆದ್ದರಿಂದ ಈ ವಿಷಯವೂ ನಮ್ಮದೇ.

ನಾನು ಬೋಟಿನ ಇಂಜಿನು ರಿಪೇರಿಯವನು. ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಖಾಡಿಯ ದಡದ ಮೇಲೆ ಎಳೆದಿಟ್ಟ ಒಂದು ಮರದ ಬೋಟನ್ನು ನನಗೆ ಒಪ್ಪಿಸಿದರು. ಅಡಿಯಲ್ಲಿ ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ತೇಲುತ್ತಿತ್ತು. ಅಂದರೆ ಡೀಸೆಲ್ ಟಾಂಕಿ ಸೋರುತ್ತಿದೆ, ತಳದ ಹಲಗೆಗಳೂ ನೀರು ಬಿಡುತ್ತಿವೆ, ರೋಗ ಎರಡು. ಮಾಲೀಕರಿಗೆ ಅವಸರ. "ಟಾಂಕಿ ಖಾಲಿ ಮಾಡಿದ್ದೇವೆ, ಇವತ್ತೇ ವೆಲ್ಡಿಂಗ್ ಮಾಡಿಬಿಡು" ಎಂದರು. ನಾನೂ ಕೆಲಸ ಮುಗಿದರೆ ಸಾಕೆಂದು ಬೆಂಕಿ ಹಚ್ಚಲು ಹೊರಟೆ. ಪಕ್ಕದಲ್ಲಿ ಹಲಗೆ ಕೆತ್ತುತ್ತಿದ್ದ ಮುದುಕ ಮೇಸ್ತ್ರಿಯವರು ಬಂದು ನನ್ನ ಕೈ ಹಿಡಿದರು. "ಖಾಲಿ ಎಂದು ಯಾರು ಹೇಳಿದರು? ಬಾಯಿಗೆ ಮೂಗು ಇಟ್ಟು ನೋಡು ಮಗಾ" ಎಂದರು. ಅಂದು ಅವರು ಹಾಗೆ ಹೇಳದಿದ್ದರೆ ಇಂದು ತಮ್ಮ ಮುಂದೆ ನಿಲ್ಲಲು ನಾನು ಇರುತ್ತಿರಲಿಲ್ಲ.

ಡೀಸೆಲ್ ಪೆಟ್ರೋಲಿನಂತೆ ಕಿಡಿ ಕಂಡೊಡನೆ ಹತ್ತುವುದಿಲ್ಲ, ನಿಜ. ಆದರೆ ತಗಡಿನ ಸಂದುಗಳಲ್ಲಿ ಉಳಿದ ಎಣ್ಣೆ ವೆಲ್ಡಿಂಗಿನ ಕಾವಿಗೆ ಆವಿಯಾಗುತ್ತದೆ. ಆ ಆವಿ ಮುಚ್ಚಿದ ಟಾಂಕಿಯೊಳಗೆ ಗಾಳಿಯೊಡನೆ ಬೆರೆತರೆ ಟಾಂಕಿಯೇ ಬಾಂಬು. ತುಂಬಿದ ಟಾಂಕಿಗಿಂತ ಖಾಲಿ ಟಾಂಕಿಯೇ ಹೆಚ್ಚು ಅಪಾಯ. ಈ ಮುಂಬಯಿಗೆ ಅದರ ಪಾಠ ಹೊಸದಲ್ಲ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ಹತ್ತಿಯ ಬೇಲುಗಳನ್ನೂ ಮದ್ದುಗುಂಡುಗಳನ್ನೂ ಒಟ್ಟಿಗೆ ಹೊತ್ತಿದ್ದ ಫೋರ್ಟ್ ಸ್ಟಿಕಿನ್ ಹಡಗು ಹೊಟ್ಟೆಯೊಳಗಿನ ಬೆಂಕಿಯಿಂದ ಸಿಡಿಯಿತು. ನೂರಾರು ಜನ ಸತ್ತರು. ಮುಚ್ಚಿದ ಜಾಗದ ಬೆಂಕಿ ಹೊರಗೆ ಕಾಣುವ ಹೊತ್ತಿಗೆ ಕೈಮೀರಿರುತ್ತದೆ. ಗ್ಯಾಸಿನ ವಾಸನೆ ಬಂದಾಗ ಅಡಿಗೆಮನೆಯ ಸ್ವಿಚ್ಚು ಮುಟ್ಟಬಾರದೆಂದು ಬಲ್ಲ ಹೋಟೆಲಿನ ಅಣ್ಣಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಮಾಡುವುದು ಹೇಗೆ? ಮೇಸ್ತ್ರಿಯವರು ಕಲಿಸಿದ ಕ್ರಮ ಹೇಳುತ್ತೇನೆ. ಮೊದಲು ಎಣ್ಣೆಯನ್ನು ಡಬ್ಬಿಗಳಿಗೆ ತೆಗೆಯಬೇಕು. ಅಡಿಯ ಎಣ್ಣೆನೀರನ್ನು ಖಾಡಿಗೆ ಚೆಲ್ಲಬಾರದು. ಅದು ನಮ್ಮದೇ ಮೀನಿನ ಬಾಯಿಗೆ ವಿಷ. ಟಾಂಕಿಯನ್ನು ಬೋಟಿನಿಂದ ಕಳಚಿ ಹೊರಗೆ ತರಬೇಕು. ನೀರು ಡೀಸೆಲಿಗಿಂತ ಭಾರ. ಆದುದರಿಂದ ಟಾಂಕಿಯೊಳಗೆ ಸೇರಿದ ನೀರು ಅಡಿಯಲ್ಲಿ ನಿಂತು ತಗಡನ್ನು ಒಳಗಿನಿಂದಲೇ ತುಕ್ಕು ತಿನ್ನಿಸುತ್ತದೆ. ಹೊರಗೆ ಒಂದು ತೂತು ಕಂಡರೆ ಒಳಗೆ ಹತ್ತು ಕಡೆ ತೆಳುವಾಗಿದೆ ಎಂದು ತಿಳಿಯಿರಿ. ಅಂಥ ಟಾಂಕಿಗೆ ತೇಪೆ ಹಾಕಿದರೆ ಹಣ ದಂಡ, ಹೊಸದನ್ನೇ ಮಾಡಿಸಿ. ನಮ್ಮ ಬೋಟಿಗೂ ಕೊನೆಗೆ ಹೊಸದನ್ನೇ ಕೂರಿಸಿದೆವು.

ಇನ್ನು ತಳ. ನೀರು ಕುಡಿದ ಮರ ಬೋಟನ್ನು ಭಾರ ಮಾಡುತ್ತದೆ. ಅಡಿಯಲ್ಲಿ ಇನ್ನೂರು ಲೀಟರು ನೀರು ನಿಂತರೆ ಇನ್ನೂರು ಕಿಲೋ ತೂಕ. ಮೂವರು ಆಳುಗಳು ಸದಾ ಮಲಗಿಕೊಂಡಂತೆ. ಆ ನೀರು ಬೋಟು ವಾಲಿದ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ. ಬೋಟನ್ನು ದಡಕ್ಕೆ ಎಳೆದ ದಿನವೇ ಸುತ್ತಲೂ ನೋಡಿ: ಒಳಗಿನ ನೀರು ಎಲ್ಲಿ ಹೊರಗೆ ತೊಟ್ಟಿಕ್ಕುತ್ತದೆಯೋ ಕಡಲ ನೀರು ಅಲ್ಲಿಂದಲೇ ಒಳಬರುವುದು. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಮರದ ಮಟ್ಟಿಗೆ ಉಪ್ಪುನೀರಿಗಿಂತ ಮೇಲಿನಿಂದ ಸೋರುವ ಮಳೆನೀರು ಹೆಚ್ಚು ಕೆಟ್ಟದ್ದು. ಮರ ಕೊಳೆಯುವುದು ಸಿಹಿನೀರಿನಲ್ಲಿ. ಮಳೆಗಾಲದಲ್ಲಿ ಬೋಟಿಗೆ ಚಪ್ಪರ ಹಾಕುವುದು ಇದಕ್ಕಾಗಿ. ಮೊನೆಯಿಂದ ಚುಚ್ಚಿ ನೋಡಿ. ಬೆಣ್ಣೆಯಂತೆ ಇಳಿದರೆ ಆ ಹಲಗೆ ಬದಲಾಯಿಸಲೇಬೇಕು. ಮರವನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸಿ, ಸುಡುಬಿಸಿಲಿಗೆ ಸೀಳುತ್ತದೆ. ಸಂದುಗಳಿಗೆ ಹತ್ತಿಯ ನೂಲು ತುಂಬುವಾಗ ಕೈ ಹಿಡಿದು ತುಂಬಿ. ತೀರ ಬಿಗಿದರೆ ಮತ್ತೆ ನೀರಿಗಿಳಿದ ಮೇಲೆ ಹಲಗೆ ಉಬ್ಬಿ ಮೊಳೆಯನ್ನೇ ಕೀಳುತ್ತದೆ. ಡೀಸೆಲ್ ಹೀರಿದ ಹಲಗೆಯ ಮೇಲೆ ಬಣ್ಣವೂ ನಿಲ್ಲದು, ಮೆತ್ತಿದ್ದೂ ನಿಲ್ಲದು. ಅದನ್ನು ಮೊದಲು ತೊಳೆದು ಕೆರೆಯಬೇಕು. ಎಣ್ಣೆ ಒರಸಿದ ಹತ್ತಿಯನ್ನು ರಾಶಿ ಹಾಕಬೇಡಿ. ಕೆಲವು ಎಣ್ಣೆ ಮೆತ್ತಿದ ಹತ್ತಿ ತಾನೇ ಕಾವೇರಿ ಹೊತ್ತಿಕೊಳ್ಳುವುದುಂಟೆಂದು ಗಿರಣಿಯ ಹಿರಿಯರು ಬಲ್ಲರು.

ಇದಕ್ಕೆಲ್ಲ ಸಮಯ ಬೇಕು. ಸಮಯವಿದೆ. ಇಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ಜೂನ್ 1ರಿಂದ ಜುಲೈ 31ರ ತನಕ ಯಂತ್ರದ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಮೀನು ಮರಿ ಮಾಡುವ ಆ ಅರುವತ್ತೊಂದು ದಿನ ಬೋಟಿಗೆ ಆಸ್ಪತ್ರೆಯ ದಿನವೂ ಹೌದು. ಜೂನ್ ತಿಂಗಳನ್ನು ಮಾತಿನಲ್ಲಿ ಕಳೆದು, ಜುಲೈ ಕೊನೆಗೆ ಬಣ್ಣ ಬಳಿದು ನೀರಿಗೆ ನೂಕುವುದು ರಿಪೇರಿಯಲ್ಲ, ಮೋಸ. ಆ ಮೋಸಕ್ಕೆ ಬಲಿಯಾಗುವವನು ದಡದಲ್ಲಿರುವ ಮಾಲೀಕನಲ್ಲ. ಇಂಜಿನಿನ ಪಕ್ಕದಲ್ಲಿ ಮಲಗಿದ ಖಲಾಸಿ.

ಆದ್ದರಿಂದ ತಮ್ಮಲ್ಲಿ ಎರಡು ಬಿನ್ನಹ. ಊರಿಗೆ ಬೋಟಿನ ಹಣ ಕಳುಹಿಸುವಾಗ "ಬಣ್ಣ ಆಮೇಲೆ, ಮೊದಲು ತಳ ಮತ್ತು ಟಾಂಕಿ" ಎಂದು ಹೇಳಿ ಕಳುಹಿಸಿ. ಖಲಾಸಿಯಾಗಿ ಹೋಗುವ ಹುಡುಗರಿಗೆ ಹೇಳಿ: ಅಡಿಯಲ್ಲಿ ಡೀಸೆಲಿನ ವಾಸನೆ ಬಂದರೆ ತಾಂಡೇಲರಿಗೆ ತಿಳಿಸಬೇಕು, ಸರಿಯಾಗುವ ತನಕ ಹತ್ತುವುದಿಲ್ಲ ಎನ್ನಬೇಕು. ಒಬ್ಬನೇ ಹೇಳಿದರೆ ಅವನ ಕೆಲಸ ಹೋದೀತು. ಎಲ್ಲರೂ ಕೂಡಿ ಹೇಳಿದರೆ ಟಾಂಕಿ ರಿಪೇರಿಯಾದೀತು. ಸಂಘ ಕಟ್ಟಿದವರಾದ ನಮಗೆ ಇದು ತಿಳಿಯದ ಮಾತಲ್ಲ.