ಲ್ಯಾಪ್‌ಟಾಪಿಗೆ ಯಾರ ಬೆರಳು ಗೊತ್ತು?

ಈ ಕೂಟದಲ್ಲಿ ಮಾತನಾಡಲು ಕರೆದಾಗ ನಮ್ಮ ಹಿರಿಯರೊಬ್ಬರು, "ನಿನ್ನ ಕೆಲಸದ ವಿಷಯವನ್ನೇ ಹೇಳಮ್ಮ, ಆದರೆ ನಮಗೆ ತಿಳಿಯುವ ಹಾಗೆ ಹೇಳು" ಎಂದು ತಾಕೀತು ಮಾಡಿದ್ದರು. ಹಾಗಾಗಿ ಲ್ಯಾಪ್‌ಟಾಪಿನ ಮೂಲೆಯಲ್ಲಿರುವ, ಬೆರಳಿಟ್ಟರೆ ಸಾಕು ಲಾಗಿನ್ ಆಗುವ ಆ ಪುಟ್ಟ ಗುಂಡಿಯ ಬಗ್ಗೆ ಮಾತನಾಡುತ್ತೇನೆ. ನಾನು ಎಂ.ಟೆಕ್. ಓದಿದವಳು, ಪುಣೆಯಲ್ಲಿ ಹನ್ನೆರಡು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿರುವವಳು. ಆದರೂ ಈ ವಿಷಯದಲ್ಲಿ ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡಬೇಕು.

ಧಾರವಾಡದಲ್ಲಿ ಅಪ್ಪ ನಿವೃತ್ತರಾದಾಗ ಅವರಿಗೊಂದು ಲ್ಯಾಪ್‌ಟಾಪ್ ಕೊಡಿಸಿದ್ದೆ. ಪದೇ ಪದೇ ಪಾಸ್‌ವರ್ಡ್ ಬರೆಯುವುದು ಅವರಿಗೆ ಬೇಸರ. ಅದಕ್ಕೇ ಅವರ ಬಲಗೈ ತೋರುಬೆರಳನ್ನು ಅದರಲ್ಲಿ ನೋಂದಾಯಿಸಿಕೊಟ್ಟೆ. ಅವ್ವ ಅಲ್ಲೇ ಪಕ್ಕದಲ್ಲಿ ಚಹಾದ ಕಪ್ಪು ಹಿಡಿದು ನಿಂತು ನೋಡುತ್ತಿದ್ದಳು. "ನೀನೂ ಒಂದು ಬೆರಳು ಇಡು" ಎಂದು ನಾನು ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ.

ಎರಡು ವರ್ಷದ ಹಿಂದೆ ಅಪ್ಪ ಇದ್ದಕ್ಕಿದ್ದಂತೆ ಹೋಗಿಬಿಟ್ಟರು. ದಿನಕಾರ್ಯಗಳೆಲ್ಲ ಮುಗಿದ ಮೇಲೆ ಕುಟುಂಬ ಪಿಂಚಣಿಯ ಓಡಾಟ ಶುರುವಾಯಿತು. ಬೇಕಾದ ಕಾಗದಗಳ ಸ್ಕ್ಯಾನ್ ಪ್ರತಿ, ವಿಮೆಯ ರಸೀತಿ, ಬ್ಯಾಂಕಿನ ಇಮೇಲ್ ಎಲ್ಲವೂ ಆ ಲ್ಯಾಪ್‌ಟಾಪಿನಲ್ಲೇ ಇದ್ದವು. ತೆರೆದರೆ ಅದು ಬೆರಳು ಕೇಳಿತು. ಇಲ್ಲವಾದರೆ ಪಿನ್ ಕೊಡಿ ಎಂದಿತು. ನಾನು ಹಾಕಿಕೊಟ್ಟಿದ್ದ ಪಿನ್ನನ್ನು ಅಪ್ಪ ಯಾವಾಗಲೋ ಬದಲಿಸಿದ್ದರು. ನಾನು ಸುಮ್ಮನೆ ಅವ್ವನ ಮುಖ ನೋಡಿದೆ. "ನನ್ನ ಬಟ್ಟಿನ ಗುರ್ತು ಅದಕ್ಕ ಎಲ್ಲೈತಿ?" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಪುಣ್ಯಕ್ಕೆ ಅಪ್ಪನ ಹಳೇ ಬಟನ್ ಮೊಬೈಲನ್ನು ಅವ್ವ ಚಾರ್ಜ್ ಮಾಡಿ ಇಟ್ಟಿದ್ದಳು, ಯಾರಾದರೂ ಫೋನ್ ಮಾಡಿದರೆ ವಿಷಯ ತಿಳಿಸಬೇಕಲ್ಲ ಎಂದು. ಆ ನಂಬರಿಗೆ ಬಂದ ಕೋಡ್ ಹಾಕಿ, ಪಿನ್ ಬದಲಿಸಿ ಒಳಗೆ ಹೋದೆವು. ಇಂಜಿನಿಯರ್ ಮಗಳ ವಿದ್ಯೆಗಿಂತ ಅವ್ವನ ಎಚ್ಚರಿಕೆಯೇ ಅವತ್ತು ಕೈಹಿಡಿಯಿತು.

ಈಗ ಆ ಗುಂಡಿಯೊಳಗೆ ಏನು ನಡೆಯುತ್ತದೆ ನೋಡೋಣ. ನಾವು ಬೆರಳು ನೋಂದಾಯಿಸುವಾಗ ಅದು ಬೆರಳಿನ ಗೆರೆಗಳು ಎಲ್ಲಿ ಕೊನೆಯಾಗುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬಂಥ ಗುರುತುಗಳನ್ನು ಲೆಕ್ಕ ಹಾಕಿ ಒಂದು ನಮೂನೆ ಮಾಡಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಈ ಸೌಲಭ್ಯಕ್ಕೆ ವಿಂಡೋಸ್ ಹಲೋ ಎಂದು ಹೆಸರು. 2015ರಲ್ಲಿ ವಿಂಡೋಸ್ 10ರ ಜೊತೆ ಬಂತು. ಆಪಲ್‌ನವರದ್ದು ಟಚ್ ಐಡಿ. ಎರಡರಲ್ಲೂ ಆ ನಮೂನೆ ಯಂತ್ರದೊಳಗೇ ಉಳಿಯುತ್ತದೆ, ಕಂಪನಿಗೂ ಹೋಗುವುದಿಲ್ಲ, ಬ್ಯಾಂಕಿಗೂ ಹೋಗುವುದಿಲ್ಲ.

"ಹಾಗಾದರೆ ಬೆರಳಿಟ್ಟ ಕೂಡಲೇ ಬೇರೆ ಖಾತೆ ಹೇಗೆ ತೆರೆಯುತ್ತದೆ?" ಎಂದು ಕೇಳಬಹುದು. ಈಗ ಪಾಸ್‌ಕೀ ಎಂಬ ವ್ಯವಸ್ಥೆ ಬಂದಿದೆ. ಇದರಲ್ಲಿ ಗುಟ್ಟಿನ ಕೀಲಿ ನಿಮ್ಮ ಹತ್ತಿರ ಇರುತ್ತದೆ, ಅದಕ್ಕೆ ಹೊಂದುವ ಬೀಗದಂಥದ್ದು ಮಾತ್ರ ವೆಬ್‌ಸೈಟಿನವರ ಹತ್ತಿರ ಇರುತ್ತದೆ. ನಿಮ್ಮ ಬೆರಳು ಆ ಕೀಲಿಯನ್ನು ಬಳಸಲು ಕೊಡುವ ಅನುಮತಿ, ಅಷ್ಟೇ. ಪಾಸ್‌ಕೀ ತಾನು ಹುಟ್ಟಿದ ಸೈಟಿಗೆ ಮಾತ್ರ ಕೆಲಸ ಮಾಡುವುದರಿಂದ, ಬ್ಯಾಂಕಿನದರಂತೆಯೇ ಕಾಣುವ ನಕಲಿ ಪುಟದಲ್ಲಿ ನೀವು ಮೋಸಹೋದರೂ ಅದು ಹೋಗುವುದಿಲ್ಲ.

ಆಧಾರ್ ಬೆರಳಚ್ಚು ಮಾತ್ರ ಬೇರೆ. ಅಲ್ಲಿ ನಿಮ್ಮ ಬೆರಳಚ್ಚನ್ನು ಆಧಾರ್ ಪ್ರಾಧಿಕಾರದ ದಾಖಲೆಯ ಜೊತೆ ಹೋಲಿಸಿ ನೋಡುತ್ತಾರೆ. ಬೇಡದಾಗ ಅದನ್ನು ಲಾಕ್ ಮಾಡಿಡಲು ಪ್ರಾಧಿಕಾರವೇ ಅವಕಾಶ ಕೊಟ್ಟಿದೆ. ಎರಡನ್ನೂ ಒಂದೇ ಎಂದು ಹೆದರುವುದು ಬೇಡ.

ಮುಖ್ಯ ಮಾತು ಇದು. ವಿಂಡೋಸ್‌ನಲ್ಲಿ ಮೊದಲು ಪಿನ್ ಹಾಕದೆ ಬೆರಳು ನೋಂದಾಯಿಸಲು ಬರುವುದೇ ಇಲ್ಲ. ಮ್ಯಾಕ್‌ನಲ್ಲಿ ಆರಿಸಿ ಹೊತ್ತಿಸಿದಾಗ, ಅಥವಾ ಐದು ಸಲ ಬೆರಳು ಹೊಂದದಿದ್ದಾಗ ಪಾಸ್‌ವರ್ಡನ್ನೇ ಕೇಳುತ್ತದೆ. ಅಂದರೆ ಬೆರಳು ಹತ್ತಿರದ ದಾರಿ, ಅಸಲಿ ಅಧಿಕಾರ ಪಿನ್ನಿನದು. ಬೆರಳು ನಿಮ್ಮದಾಗಿದ್ದು ಪಿನ್ ಮಗನಿಗೋ ಯಜಮಾನರಿಗೋ ಮಾತ್ರ ಗೊತ್ತಿದ್ದರೆ ಆ ಖಾತೆ ಪೂರ್ತಿ ನಿಮ್ಮದಲ್ಲ.

ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತುತ್ತಿದ್ದಳು. ಆದರೆ ಕಾಗದದಲ್ಲಿ ಏನಿದೆ ಎಂದು ಎರಡು ಸಲ ಓದಿಸಿ ಕೇಳದೆ ಮಸಿಗೆ ಬೆರಳು ಮುಟ್ಟಿಸುತ್ತಿರಲಿಲ್ಲ. ಓದು ಬರಹ ಬಲ್ಲ ನಾವು ಏನನ್ನೂ ಕೇಳದೆ ಒತ್ತುತ್ತಿದ್ದೇವೆ.

ಮನೆಗೆ ಹೋಗಿ ಮಾಡಬೇಕಾದದ್ದು ಹೆಚ್ಚೇನಿಲ್ಲ. ಮನೆಯಲ್ಲಿ ಒಂದೇ ಲ್ಯಾಪ್‌ಟಾಪ್ ಇದ್ದರೆ ಅದರಲ್ಲಿ ನಿಮ್ಮ ಹೆಸರಿನದೇ ಒಂದು ಖಾತೆ ಮಾಡಿಸಿಕೊಳ್ಳಿ. ಗಂಡನ ಖಾತೆಗೆ ನಿಮ್ಮ ಬೆರಳು ಸೇರಿಸಿದರೆ ಯಂತ್ರದ ಪಾಲಿಗೆ ನೀವೂ ಅವರೇ. ನಿಮ್ಮ ಖಾತೆಯಲ್ಲಿ ನಿಮಗೆ ಗೊತ್ತಿಲ್ಲದ ಬೆರಳು ಸೇರಿದ್ದರೆ ತೆಗೆಸಿ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ಸೈನ್-ಇನ್ ಆಪ್ಷನ್ಸ್ ಎಂಬಲ್ಲಿ ಇದೆಲ್ಲ ಸಿಗುತ್ತದೆ. ಪಿನ್ನನ್ನು ನೀವೇ ಹಾಕಿ. ಹುಟ್ಟಿದ ತಾರೀಖು, ಮದುವೆಯ ವರ್ಷ ಬೇಡ. ಕೋಡ್ ಬರುವ ಮೊಬೈಲ್ ನಂಬರ್ ನಿಮ್ಮದೇ ಇರಲಿ. ಪಿನ್ ಮತ್ತು ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆ ಅಂಟಿಸಿ, ಬಂಗಾರ ಇಡುವ ಕಡೆ ಇಡಿ. ಗಂಡ ಹೆಂಡತಿ ಇಬ್ಬರೂ ಹೀಗೆ ಮಾಡಿ, ಲಕೋಟೆ ಎಲ್ಲಿದೆ ಎಂದು ಒಬ್ಬರಿಗೊಬ್ಬರು ಹೇಳಿ.

ಇನ್ನು ನಮ್ಮ ಕೈಗಳ ಮಾತು. ಪಾತ್ರೆ ತಿಕ್ಕಿ, ಹುಣಸೆಹಣ್ಣು ಕಿವುಚಿ, ರೊಟ್ಟಿ ಬಡಿದ ಬೆರಳಿನ ಗೆರೆ ಸವೆದಿರುತ್ತದೆ. ಒದ್ದೆ ಬೆರಳನ್ನೂ ಯಂತ್ರ ಒಪ್ಪುವುದಿಲ್ಲ. ಕೈ ಚೆನ್ನಾಗಿ ಒರೆಸಿಕೊಂಡು, ಎರಡೂ ಕೈಯ ಒಂದೊಂದು ಬೆರಳಾದರೂ ನೋಂದಾಯಿಸಿ. ವಿಂಡೋಸ್ ಹತ್ತು ಬೆರಳಿನವರೆಗೂ ಒಪ್ಪುತ್ತದೆ, ಮ್ಯಾಕ್ ಒಬ್ಬರಿಗೆ ಮೂರು.

ಅವ್ವನ ಖಾತೆ ಮಾಡುವಾಗ ಅವಳ ಬಲಗೈ ಹೆಬ್ಬೆರಳು ನಾಲ್ಕು ಸಲ ಇಟ್ಟರೂ ಆಗಲಿಲ್ಲ. "ನಲವತ್ತು ವರ್ಷ ರೊಟ್ಟಿ ಬಡದೀನಿ, ಗೆರಿ ಎಲ್ಲಿ ಉಳದಾವು" ಎಂದು ನಕ್ಕಳು. ಕೊನೆಗೆ ಎಡಗೈ ಉಂಗುರ ಬೆರಳನ್ನು ಒಪ್ಪಿಕೊಂಡಿತು. ಪಿನ್ ಹಾಕುವಾಗ, "ನೀ ಆಕಡೆ ನೋಡು" ಎಂದಳು. ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. ಆ ಪಿನ್ ನನಗೆ ಇವತ್ತಿಗೂ ಗೊತ್ತಿಲ್ಲ. ಲಕೋಟೆ ಎಲ್ಲಿದೆ ಎಂಬುದು ಗೊತ್ತಿದೆ, ಅಷ್ಟು ಸಾಕು.

ಲ್ಯಾಪ್‌ಟಾಪ್ ತಂದವರು ಊಟದ ನಂತರ ನನ್ನ ಹತ್ತಿರ ಬನ್ನಿ, ಕೂತು ಮಾಡೋಣ. ಪಿನ್ ಹಾಕುವಾಗ ನಾನು ಆಕಡೆ ತಿರುಗುತ್ತೇನೆ.